ಎರಡು ಬೆರಳು ಆಡಿಸದ ಶಿಬಿರ

ಉಚಿತ ಕಣ್ಣಿನ ಶಿಬಿರಗಳ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ಕಣ್ಣು ಪೂರ್ತಿ ಸರಿಯಿದೆ ಎಂದು ತಮ್ಮ ಶಿಬಿರದಲ್ಲಿ ಶಭಾಷ್‌ಗಿರಿ ಪಡೆದು ಬಂದ ನನ್ನ ಯಜಮಾನರ ತಲೆಯಲ್ಲಿ ಗಡ್ಡೆಯಿತ್ತು. ತಾವು ಕಣ್ಣೆಂಬ ಬಾಗಿಲವರೆಗೂ ಬಂದು ಒಳಗೆ ಇಣುಕದೆ ಹೋದಿರಿ ಎಂಬುದೇ ನನ್ನ ತಕರಾರು.

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಖಾನಾವಳಿ. ರೊಟ್ಟಿ ಬಡಿಯುವವಳು ನಾನು, ಬಡಿಸುವವರು ಯಜಮಾನರು ಕರಿಸಿದ್ದಪ್ಪನವರು. ಉಣ್ಣುವವರು ಬಾಯಿಬಿಟ್ಟು ರೊಟ್ಟಿ ಕೇಳಿದರೆ ನಮಗೆ ಅವಮಾನ. ತಟ್ಟೆ ಬರಿದಾಗುವ ಮೊದಲೇ ಬೀಳಬೇಕು. ಇಂಥ ಯಜಮಾನರು ಇದ್ದಕ್ಕಿದ್ದಂತೆ ಸಾಲಿನ ನಡುವೆ ಕುಳಿತವರಿಗೇ ರೊಟ್ಟಿಯ ಮೇಲೆ ರೊಟ್ಟಿ ಹಾಕತೊಡಗಿದರು. ಎರಡೂ ತುದಿಯವರು ಪಲ್ಯ ನೆಕ್ಕುತ್ತ ಕುಳಿತರು. ಕಣ್ಣು ತೋರಿಸಿಕೊಂಡು ಬರ್ರಿ ಎಂದು ನಾನೇ ಶಿಬಿರಕ್ಕೆ ಅಟ್ಟಿದೆ.

ತಮ್ಮವರು ಅಕ್ಷರದ ಹಲಗೆ ತೋರಿಸಿದರು. ನಮ್ಮವರು ಅದನ್ನು ಎಸ್ಸೆಸ್ಸೆಲ್ಸಿ ಎಂದುಕೊಂಡರೋ ಏನೋ, ಕೊನೆಯ ಸಾಲು ಮುಗಿಸಿ, ಅದರಡಿ ಅಚ್ಚಾಗಿದ್ದ ಮುದ್ರಣಾಲಯದ ಹೆಸರನ್ನೂ ಓದಿಬಿಟ್ಟರು. "ಪೊರೆ ಇಲ್ಲ, ಕನ್ನಡಕ ಬ್ಯಾಡ, ಮುಂದಿನವರು ಬರ್ರಿ" ಅಂದರಂತೆ ತಮ್ಮವರು. ಆಮೇಲೆ ಗಿರಾಕಿಗಳೆದುರು ಯಜಮಾನರದು ದಿನಾ ಇದೇ ಪ್ರತಾಪ. ಪೊರೆಯಿಲ್ಲದವರು ತಮ್ಮ ಲೆಕ್ಕಕ್ಕೆ ಬಾರದವರೇ? ಕಣ್ಣಿನ ಹಿಂದೆ ನರ, ನರದ ಹಿಂದೆ ಮಿದುಳು ಇದೆ ಎಂಬ ಸುತ್ತೋಲೆ ತಮಗಿನ್ನೂ ತಲುಪಿಲ್ಲವೇ?

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ನಮ್ಮ ಹಳೆಯ ಗಿರಾಕಿ, ನಮ್ಮದೇ ತಾಲೂಕಿನ ಅರಸೀಕೆರೆಯ ಮೆಕ್ಕೆಜೋಳದ ರೈತ ಓಬಳೇಶಪ್ಪ, ತುದಿಯಲ್ಲಿ ಕುಳಿತು ಕಾದು ಸಾಕಾಗಿ ಎದ್ದರು.

"ಏನ್ ಕರಿಸಿದ್ದಣ್ಣ, ಮೆಕ್ಕಿಜೋಳದ ರೇಟು ಬಿದ್ದೈತಿ ಅಂತ ನನ್ನ ಮಾರಿನೂ ನೋಡಂಗಿಲ್ಲೇನು?"

ಯಜಮಾನರು ತಬ್ಬಿಬ್ಬಾದರು. "ನೀ ಯಾವಾಗ ಬಂದಿ ಮಾರಾಯ? ಎಲ್ಲಿ ಕುಂತಿದ್ದಿ?"

ನಾನು ಅಂದೇ ಒಲೆ ಆರಿಸಿ ದಾವಣಗೆರೆಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರಮ್ಮ, "ನನ್ನ ಮೂಗು ನೋಡ್ರಿ ಯಜಮಾನ್ರೆ, ಬೆರಳು ಕಂಡಾಗ ಹೇಳ್ರಿ" ಎಂದು ಎರಡೂ ಕೈ ಪಕ್ಕಕ್ಕೆ ಚಾಚಿ ಬೆರಳು ಆಡಿಸಿದರು. ನಮ್ಮವರಿಗೆ ಮೂಗಷ್ಟೇ ಕಂಡಿತು. ಮಿದುಳಿನ ಬುಡದಲ್ಲಿ ಗಡ್ಡೆ ಬೆಳೆದು ಕಣ್ಣಿನ ನರ ಒತ್ತಿದರೆ ಹೀಗೆ ಎರಡೂ ಪಕ್ಕ ಮಸುಕಾಗುತ್ತದಂತೆ. ನೇರ ನೋಟ ಮಾತ್ರ ಚೊಕ್ಕ. ಸ್ಕ್ಯಾನಿಂಗೂ ಅದನ್ನೇ ಹೇಳಿತು. ಆಪರೇಷನ್ ಆಯಿತು, ಜೀವ ಉಳಿಯಿತು, ಬಲಗಡೆಯ ನೋಟ ಮರಳಿತು. ಎಡಗಡೆಯದು ಬರಲಿಲ್ಲ. "ಬೇಗ ಬಂದಿದ್ರೆ ಉಳೀತಿತ್ತೇನೋ" ಎಂದರು ಡಾಕ್ಟರಮ್ಮ.

ಬೇಗ ಬಂದಿದ್ದೆವು, ಮಾನ್ಯರೇ. ತಮ್ಮಲ್ಲಿಗೆ.

ನನ್ನ ಬೇಡಿಕೆಗೆ ಟೆಂಡರ್ ಬೇಡ, ಅನುದಾನವೂ ಬೇಡ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಎಲ್ಲೇ ಶಿಬಿರ ಹೂಡಿ, ಹಲಗೆ ಓದಿಸಿದ ಮೇಲೆ ಪ್ರತಿಯೊಬ್ಬರ ಅಕ್ಕಪಕ್ಕದಲ್ಲಿ ಎರಡು ಬೆರಳು ಆಡಿಸಲು ಆದೇಶಿಸಿ. ಅನುಮಾನ ಬಂದವರ ಕಣ್ಣಿನ ಹಿಂಭಾಗವನ್ನು ಬಲ್ಲವರಿಂದ ನೋಡಿಸಿ. ಬೆರಳುಗಳು ತಮ್ಮ ಸಿಬ್ಬಂದಿಗೆ ಹುಟ್ಟಿನಿಂದಲೇ ಮಂಜೂರಾಗಿವೆ.

ಯಜಮಾನರು ಮತ್ತೆ ಬಡಿಸುತ್ತಿದ್ದಾರೆ. ಅವರ ಎಡತುದಿಯ ಜಾಗದಲ್ಲಿ ನಾವು ಯಾರನ್ನೂ ಕೂರಿಸುವುದಿಲ್ಲ. ಆದೇಶ ಹೊರಡಿಸದೆ ಊಟಕ್ಕೆ ಬಂದರೆ ಆ ಜಾಗ ತಮಗೇ.

ಇಂತಿ,
ಮದುವೆಯಲ್ಲಿ ಗಂಡನ ಎಡಕ್ಕೆ ಕುಳಿತು, ಈಗ ಕಾಣಲೆಂದು ಬಲಕ್ಕೆ ನಡೆಯುವ
ನಾಗಲಿಂಗಮ್ಮ