ಸೊಂಟದ ಕೀಲಿಗೆ ಹಚ್ಚಿದ ಲೇಪನ

ಅಮ್ಮಾ,

ಸೊಂಟದ ಆಪರೇಷನ್ ಮುಂದಕ್ಕೆ ಹಾಕಿಸು. ಕೆಮ್ಮು ಇದೆ ಎಂದು ಡಾಕ್ಟರಿಗೆ ಹೇಳಿದರೆ ಸಾಕು.

ನಿನಗೆ ಹಾಕುವ ಕೃತಕ ಕೀಲು ನಮ್ಮ ಕಾರ್ಖಾನೆಯದು. ಮೂಳೆ ಅದಕ್ಕೆ ಕಚ್ಚಿಕೊಳ್ಳಲೆಂದು ಪ್ಲಾಸ್ಮಾ ಜ್ವಾಲೆಯಲ್ಲಿ ಪುಡಿ ಕರಗಿಸಿ ಲೇಪನ ಸಿಂಪಡಿಸುವವನು ನಾನೇ. ಈ ಸಲದ ಲೇಪನ ಉಗುರು ತಾಗಿದರೆ ಹಕ್ಕಳೆಯಂತೆ ಏಳುತ್ತಿದೆ. ಮಾವನಿಗೆ ತೋರಿಸಿದೆ. "ಕಂಡೂ ಕಾಣದ ಹಾಗೆ ಇದ್ಬಿಡಿ ಅಳಿಯಂದ್ರೇ, ಮನೆ ಮಾತು ಹೊರಗೆ ಹೋಗ್ಬಾರ್ದು" ಎಂದರು. ಕೆಲಸವೂ ಅವರದು, ನಾನು ಮಲಗುವ ಕೋಣೆಯೂ ಅವರದು. ಬಾಯಿಬಿಟ್ಟರೆ ಬೀದಿಪಾಲು.

ಇಷ್ಟು ಬರೆದ ಮೇಲೆ ಕೈ ಓಡುತ್ತಿಲ್ಲ. ನೀನೊಬ್ಬಳು ತಪ್ಪಿಸಿಕೊಂಡರೆ ಆ ಕೀಲು ಇನ್ನೊಬ್ಬರ ತಾಯಿಗೆ ಹೋಗುತ್ತದೆ. ನಾಳೆ ನಿನ್ನ ಡಾಕ್ಟರಿಗೆ ನಾನೇ ಎಲ್ಲ ಹೇಳಿಬಿಡುತ್ತೇನೆ.

ಆಮೇಲೆ ನಿನ್ನ ಮನೆಗೇ ಬಂದುಬಿಡುತ್ತೇನೆ. ನೀನು ಬಗ್ಗಬೇಡ, ಹಾಸಿಗೆ ನಾನೇ ಹಾಸಿಕೊಳ್ಳುತ್ತೇನೆ. ಒಂದು ಹಾಸಿಗೆಯೋ ಎರಡೋ, ಅಪ್ಪನ ಮನೆ ಬಿಟ್ಟು ನನ್ನ ಜೊತೆ ಬರುತ್ತಾಳೋ ಎಂದು ಇವಳನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ನಿನ್ನ ಮಗ