ಎಂಟು ಎಣಿಸುವವರೆಗೆ

ಬೈಲಹೊಂಗಲ
ಫಾಲ್ಗುಣ ಶುದ್ಧ ಪಂಚಮಿ, ಸನ್ ೧೯೧೨

ಚಿ. ಸೌ. ಇಂದ್ರವ್ವಳಿಗೆ ನಿನ್ನ ಗಂಡ ಕಾಡಪ್ಪನ ಆಶೀರ್ವಾದ.

ಕಟಕೋಳದ ನಿನ್ನ ತವರಿನಿಂದ ಕಾಗದ ಮುಟ್ಟಿತು. ಅಕ್ಷರ ನಿಮ್ಮಣ್ಣ ಯಮನಪ್ಪನದು, ಸಿಟ್ಟು ನಿನ್ನದು. ಇದನ್ನೂ ಅವನೇ ಓದಿ ಹೇಳುತ್ತಾನೆ. ನಡುವೆ ತನ್ನದೊಂದು ಮಾತು ಸೇರಿಸದಿದ್ದರೆ ಸಾಕು.

"ನಮ್ಮ ಕೂಸು ಬಾಯವ್ವ ಜೀವಂತ ಇದ್ದಾಗ ತಗದ ಚಿತ್ರ ಕಳಸ್ರಿ, ಆಮ್ಯಾಲ ಬರತೇನಿ" ಎಂದು ಬರೆಸಿದ್ದೀಯ. ಹುಡುಕುತ್ತಿದ್ದೇನೆ. ಅಟ್ಟದ ಮೇಲೆ ಹಳೆಯ ಗಾಜಿನ ಪ್ಲೇಟುಗಳ ಪೆಟ್ಟಿಗೆ ನಾಲ್ಕಿವೆ, ಎರಡನ್ನು ನೋಡಿದ್ದಾಯಿತು.

ನನ್ನ ಕಸುಬು ನಿನಗೆ ಹೊಸದಲ್ಲ. ಬೆಳಗಾವಿಯಲ್ಲಿ ಒಬ್ಬ ಸಾಹೇಬನ ಕ್ಯಾಮರಾ ಹೊತ್ತು ಕದ್ದು ಕಲಿತ ವಿದ್ಯೆ. ಎರಡು ನಮೂನೆಯ ಪ್ಲೇಟು. ಚುರುಕಿನದು ಕಣ್ಣು ಮಿಟುಕಿಸುವುದರೊಳಗೆ ಹಿಡಿಯುತ್ತದೆ, ಆದರೆ ಚಿತ್ರ ಜೋಳದ ನುಚ್ಚಿನಂತೆ ಒರಟು. ನಿಧಾನದ್ದಕ್ಕೆ ಎಂಟು ಎಣಿಸುವವರೆಗೆ ಅಲುಗಾಡದೆ ಕೂಡಬೇಕು. ಅದನ್ನು ತಣ್ಣೀರಲ್ಲಿ ತೆಳುವಾಗಿ ಕಲಸಿದ, ಚಿತ್ರ ಮೂಡಿಸುವ ಪೈರೋ ಮದ್ದಿನಲ್ಲಿ ತೊಳೆದರೆ ಉಗುರು ಕಪ್ಪಾಗುತ್ತದೆ, ಸೀರೆಯ ಎಳೆ ಎಳೆ ಎದ್ದು ಬರುತ್ತದೆ. ನನ್ನ ಅಂಗಡಿಯ ಹೆಸರು ನಿಂತದ್ದು ಆ ಎಳೆಗಳ ಮೇಲೆ.

ಬಾಯವ್ವನ ಚಿತ್ರ ತೆಗೆಯಲು ಕೂಡಿಸಿದ ದಿನ ನೀನು, "ಕೂಸು ಎಂಟ ಎಣಸೂತನಾ ಕೂಡೂದುಂಟೇನ್ರಿ? ಚುರುಕಿನದ ಹಾಕ್ರಿ. ಹೆಂಗರ ಬರಲಿ, ಅಕಿ ನಕ್ಕದ್ದು ಬಂದರ ಸಾಕು" ಎಂದೆ. ಹಾಕಿದೆ. ನಿನ್ನ ಕೈಯಲ್ಲಿದ್ದ ಬೆಲ್ಲ ನೋಡಿ ಅವಳು ಕುಣಿದಳು. ಚುರುಕಿನದಕ್ಕೂ ಸಿಗದೆ ಮುಖವೆಲ್ಲ ನುಚ್ಚಾಗಿ ಕದಡಿತ್ತು. ನಿನಗೆ ತೋರಿಸಲೂ ಇಲ್ಲ. "ನುಚ್ಚು ನನ್ನ ಅಂಗಡ್ಯಾಗಿಂದ ಹೊರಗ ಹೋಗೂದಿಲ್ಲ. ದೊಡ್ಡಾಕಿ ಆಗಲಿ, ಸುಮ್ಮನ ಕುಂಡ್ರೂದು ಕಲೀಲಿ" ಎಂದೆ.

ಎರಡು ತಿಂಗಳಿಗೆ ಕಲಿತಳು. ಮಣ್ಣು ಮಾಡುವ ಮುಂಚೆ ನಮ್ಮವರ ಪದ್ಧತಿಯಂತೆ ವಿಭೂತಿ ಹಚ್ಚಿ, ಹೂ ಮುಡಿಸಿ, ಗೋಡೆಗೆ ಆನಿಸಿ ಕೂಡಿಸಿದ್ದರು. ನಾನು ನಿಧಾನದ ಪ್ಲೇಟು ಹಾಕಿ ಎಂಟು ಎಣಿಸಿದೆ. ನನ್ನ ಜನ್ಮದಲ್ಲಿ ಅಂಥ ಚಿತ್ರ ಬಂದಿಲ್ಲ. ರೆಪ್ಪೆಯ ಕೂದಲು ಎಣಿಸಬಹುದು, ಎಣಿಸಿದ್ದೇನೆ.

ಅದನ್ನು ಮಾದರಿ ಎಂದು ಅಂಗಡಿಯ ಮುಂದೆ ತೂಗುಹಾಕಿದ್ದೇ ನಿನ್ನನ್ನು ಮನೆ ಬಿಡಿಸಿತು. ಬಂದ ಗಿರಾಕಿಗಳು, "ಏನ್ ಸಾಫ್ ಬಂದೈತಿ ಕಾಡಪ್ಪಣ್ಣಾ!" ಎನ್ನುತ್ತಿದ್ದರು. ನಾನು ಹಿಗ್ಗಿದೆ. ಅದೂ ಸುಳ್ಳಲ್ಲ.

ಉಳಿದ ಪೆಟ್ಟಿಗೆ ನೋಡಿ ತಿಳಿಸುತ್ತೇನೆ.

ನಿನ್ನ
ಕಾಡಪ್ಪ

ತಾ. ಕ. — ಯಮನಪ್ಪಾ, ಇದನ್ನೂ ಓದು, ನುಂಗಬೇಡ.

ಇಂದ್ರವ್ವಾ, ಹುಡುಕುತ್ತಿದ್ದೇನೆ ಎಂಬುದು ಸುಳ್ಳು. ಕೆಟ್ಟ ಪ್ಲೇಟನ್ನು ನಾನು ಇಟ್ಟುಕೊಳ್ಳುವವನಲ್ಲ, ನಿನಗೆ ಗೊತ್ತು. ಆ ಕುಣಿದ ಪ್ಲೇಟನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಕೆರೆದು, ಬರೀ ಗಾಜು ಮಾಡಿಟ್ಟಿದ್ದೆ. ಮಾದರಿಯ ಚಿತ್ರಕ್ಕೆ ಚೌಕಟ್ಟು ಕಟ್ಟುವಾಗ ಅದೇ ಗಾಜು ಅಳತೆಗೆ ಸರಿ ಕೂತಿತು. ಚಿತ್ರವನ್ನು ಅಂಗಡಿಯಿಂದ ಇಳಿಸಿ ಈ ಕಾಗದದ ಜೊತೆ ಗಾಡಿಯಲ್ಲಿ ಕಳಿಸಿದ್ದೇನೆ. ಒಳಗಿನದನ್ನು ತೆಗೆದುಹಾಕು. ನೀನು ಕೇಳಿದ್ದು ಮೇಲಿನ ಗಾಜು.