ಮೊಳೆಗೆ ತೂಗಿದ ಬುಟ್ಟಿ

ಅಜೆನ್ಯಸ್ ದು ಮಾರ್
೧೯ ಅಕ್ಟೋಬರ್ ೧೯೫೮

ಪ್ರೀತಿಯ ಸೊಸೆ ಲಿಯೊನಿಲ್ಡೆಗೆ ಮಾವ ಜೆರೋನಿಮೊನ ಆಶೀರ್ವಾದಗಳು.

ತವರಿನಿಂದ ನೀನು ಬರೆದ ಕಾಗದ ಬಂದು ಎರಡು ತಿಂಗಳಾಯಿತು, ಕ್ಷಮಿಸು. ಕೊಯ್ಲಿನ ಗಡಿಬಿಡಿ ಎಂದು ನೆಪ ಹೇಳಬಹುದು, ನಿಜವಾಗಿ ಕೈ ಏಳಲಿಲ್ಲ. ಹೊಸ ದ್ರಾಕ್ಷಿ ಬಳ್ಳಿ ನೆಡಲು ಗುಂಡಿಗೆ ಇಳಿದ ದಿನ ತಲೆಗೆ ಬುಟ್ಟಿ ಬೇಡವೆಂದು ಅಲ್ಬಾನುವೇ ಹಠ ಮಾಡಿದನೇ ಎಂದು ಕೇಳಿದ್ದೀಯ. ಗಂಡನ ಮೇಲಿನ ಸಿಟ್ಟಿನಲ್ಲಿ ಅಳುವುದಕ್ಕೂ ಆಗುತ್ತಿಲ್ಲ ಎಂದಿದ್ದೀಯ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕೊಯ್ಲು ಹೇಗೋ ಮುಗಿಯಿತು. ಮರಳ ಮೇಲೆ ಮಲಗಿದ ಬಳ್ಳಿಗಳಿಗೆ ಈ ಸಲ ಕಡ್ಡಿಯ ಆಸರೆ ಕೊಡಲೂ ನನಗೆ ಮನಸ್ಸಾಗಲಿಲ್ಲ. ಅರ್ಧದಷ್ಟು ಗೊಂಚಲುಗಳು ಬಿಸಿ ಮರಳಿನಲ್ಲಿ ಬೆಂದುಹೋದವು. ಪಕ್ಕದ ತೋಟದ ಫೆಲಿಸ್ಬೆರ್ತ ಬಂದು, "ಏನಯ್ಯಾ ಮುದುಕ, ಸತ್ತೋನು ನಿನ್ನ ಮಗ, ಬಳ್ಳಿ ಅಲ್ಲ. ಏಳು ಮೇಲೆ!" ಎಂದು ಬೈದಳು. ಎದ್ದೆ. ಉಳಿದದ್ದನ್ನು ತುಳಿದು ಪೀಪಾಯಿಗೆ ತುಂಬಿದೆ.

ನೀನು ಮದುವೆಯಾಗಿ ಬಂದ ದಿನ ನೆನಪಾಯಿತು. ಒಳನಾಡಿನ ಮೆತ್ತನೆಯ ವೈನು ಕುಡಿದು ಬೆಳೆದವಳು, ನಮ್ಮ ರಮೀಸ್ಕು ದ್ರಾಕ್ಷಿಯ ವೈನಿನ ಒಂದು ಗುಟುಕಿಗೇ ಮುಖ ಹಿಂಡಿ, "ಮಾವ, ಇದು ಕುಡಿಯೋದಾ, ಚರ್ಮ ಹದ ಮಾಡೋದಾ?" ಎಂದೆ. ಅಲ್ಬಾನು ನಕ್ಕು, "ಹತ್ತು ವರ್ಷ ಬಿಟ್ಟು ಕುಡಿ ಕಣೇ. ಆಗ ಇದೂ ಸರಿಹೋಗುತ್ತೆ, ನಮ್ಮಪ್ಪನೂ ಸರಿಹೋಗ್ತಾರೆ" ಎಂದಿದ್ದ. ನಾಲ್ಕೇ ವರ್ಷದಲ್ಲಿ ನೀನು ಕಣ್ಣು ಮುಚ್ಚಿಕೊಂಡು, ನಾಲಗೆಗೆ ಹತ್ತಿದ ಉಪ್ಪಿನಿಂದಲೇ ಕಡಲಂಚಿನ ತೋಟದ್ದು ಯಾವುದೆಂದು ಹೇಳುವಷ್ಟಾದೆ. ಈಗ ಆ ಒಗರು ಹೋಗುವವರೆಗೆ ಕಾಯುವವರು ಇಲ್ಲಿ ಯಾರೂ ಇಲ್ಲ. ನನಗಂತೂ ನಾಳೆ ಬೆಳಗಾಗುವುದೂ ಬೇಡವಾಗಿದೆ.

ನಿಮ್ಮ ಮದುವೆಯ ವರ್ಷದ ಆರು ಸೀಸೆ ಕಳಿಸುತ್ತಿದ್ದೇನೆ. ಇನ್ನೈದು ವರ್ಷ ಮುಟ್ಟಬೇಡ. ಮತ್ತೆ ಮದುವೆಯಾಗಬೇಕೆನಿಸಿದರೆ ಆಗು, ಯಾರ ಮಾತಿಗೂ ಕಿವಿಗೊಡಬೇಡ. ದೇವರು ನಿನ್ನ ಹೊಟ್ಟೆ ತಣ್ಣಗಿಡಲಿ.

ನಿನ್ನ ಮಾವ,
ಜೆರೋನಿಮೊ

ಇನ್ನೊಂದು ಮಾತು. ಮರೆತು ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು. ಬಳ್ಳಿ ಬೇರೂರುವ ಜೇಡಿಮಣ್ಣು ಸಿಗಬೇಕಾದರೆ ಎರಡಾಳು ಆಳ ಇಳಿಯಬೇಕು. ಮರಳು ಕುಸಿದರೆ, ಎಳೆದು ತೆಗೆಯುವವರೆಗೆ ತಲೆಗೆ ಕವುಚಿಕೊಂಡ ಬುಟ್ಟಿಯೊಳಗಿನ ಗಾಳಿಯೇ ಗತಿ. ಅದು ಅವನಿಗೂ ಗೊತ್ತಿತ್ತು. ಬುಟ್ಟಿ ಕೈಯಲ್ಲಿ ಹಿಡಿದೇ ಬಂದಿದ್ದ. ನಾನೇ ನಕ್ಕು, "ಇಷ್ಟಕ್ಕೆಲ್ಲಾ ಬುಟ್ಟಿ ಬೇಕೇನೋ? ಭಯ ಆದ್ರೆ ಹೆಂಡ್ತಿ ಲಂಗ ಹಿಡ್ಕೊಂಡು ಮನೇಲಿ ಕೂತ್ಕೋ" ಎಂದೆ. ಅವನು ಅದನ್ನು ತೋಟದ ಬೇಲಿಗೂಟದ ಮೊಳೆಗೆ ತೂಗುಹಾಕಿ ಇಳಿದ. ಅವನೇ ಹಠ ಮಾಡಿದ ಎಂದು ಊರಿಗೆಲ್ಲ ಹೇಳಿದವನೂ ನಾನೇ. ಬುಟ್ಟಿ ಇನ್ನೂ ಅದೇ ಮೊಳೆಯಲ್ಲಿದೆ. ನಿನ್ನ ಸಿಟ್ಟು ನನಗಿರಲಿ ಮಗಳೇ, ಅವನಿಗಾಗಿ ಅತ್ತುಬಿಡು.